ಜನಾಝಕ್ಕೆ ಹೆಗಲು ಕೊಟ್ಟವರು

ನ್ಯಾಯದ ಕುರಿತ ಜುಮಾ ಖುತ್ಬಾದಲ್ಲಿ ನಾವು ಉತ್ತರ ಐರ್ಲೆಂಡಿನ ಇತಿಹಾಸವನ್ನು ನೆನೆದೆವು. ಅಲ್ಲಿನ ಮೂವತ್ತು ವರ್ಷಗಳ ಸಂಘರ್ಷದಲ್ಲಿ 3,500ಕ್ಕೂ ಹೆಚ್ಚು ಜನರು ಸತ್ತರು. 1998ರಲ್ಲಿ ಶಾಂತಿ ಒಪ್ಪಂದವಾದರೂ ಕ್ಯಾಥೊಲಿಕ್ ಯುವಕರಿಗೆ ಪೊಲೀಸರ ಮೇಲೆ ನಂಬಿಕೆ ಇರಲಿಲ್ಲ. ಜನಸಂಖ್ಯೆಯಲ್ಲಿ ಶೇ. 40 ದಾಟಿದ್ದ ಆ ಸಮುದಾಯದವರು ಪೊಲೀಸ್ ಪಡೆಯಲ್ಲಿ ಇದ್ದುದು ಸುಮಾರು ಶೇ. 8 ಮಾತ್ರ. ಸೇರಿದವರಿಗೆ ತಮ್ಮವರಿಂದಲೇ ಬೆದರಿಕೆಯಿತ್ತು.

ಪ್ಯಾಟನ್ ಆಯೋಗದ ಶಿಫಾರಸಿನಂತೆ 2001ರಲ್ಲಿ ಹೊಸ ಪಡೆ ಬಂತು. ಹತ್ತು ವರ್ಷ ನೇಮಕಾತಿಯಲ್ಲಿ ಅರ್ಧ ಪಾಲು ಕ್ಯಾಥೊಲಿಕರಿಗೆ ಸಿಕ್ಕಿತು. 2011ರ ಹೊತ್ತಿಗೆ ಅವರ ಪ್ರಮಾಣ ಶೇ. 30ರ ಸಮೀಪಕ್ಕೆ ಬಂತು.

ಅದೇ ವರ್ಷದ ಎಪ್ರಿಲ್‌ನಲ್ಲಿ ಓಮಾ ಪಟ್ಟಣದ 25ರ ಹರೆಯದ ಕ್ಯಾಥೊಲಿಕ್ ಪೊಲೀಸ್ ಪೇದೆಯೊಬ್ಬರು ಕಾರ್ ಬಾಂಬಿಗೆ ಬಲಿಯಾದರು. ಅವರ ಶವಪೆಟ್ಟಿಗೆಗೆ ಪೊಲೀಸರ ಜೊತೆ ಐರಿಷ್ ಕ್ರೀಡಾ ಸಂಘದವರೂ ಹೆಗಲು ಕೊಟ್ಟರು. 2001ರವರೆಗೆ ಪೊಲೀಸರಿಗೆ ಸದಸ್ಯತ್ವವನ್ನೇ ನಿರಾಕರಿಸಿದ್ದ ಸಂಘವದು!

ತಡೆದು ತಪಾಸಣೆ ಮಾಡುವ ಬಗ್ಗೆ ಅಲ್ಲಿನ ಯುವಕರ ದೂರು ಮುಂದೆಯೂ ನಿಲ್ಲಲಿಲ್ಲ. ಆದರೂ ಪ್ರಿಯ ಸಹೋದರ ಸಹೋದರಿಯರೇ, ಬಾಗಿಲು ತೆರೆದ ಸರಕಾರ, ಒಳಗೆ ಕಾಲಿಟ್ಟ ಯುವಕ, ಅವನ ಕೈಬಿಡದ ಊರು – ನಂಬಿಕೆ ಹುಟ್ಟಲು ಮೂರೂ ಬೇಕಾದವು. ದ್ವೇಷದ ನಡುವೆಯೂ ನ್ಯಾಯ ಬಿಡಬಾರದೆಂಬ ಸೂರಃ ಅಲ್ ಮಾಇದದ ಬೋಧನೆ ಈ ಮೂವರಿಗೂ ಅನ್ವಯಿಸುತ್ತದೆ. ಅಲ್ಲಾಹನು ನಮ್ಮ ಮಕ್ಕಳನ್ನು ನ್ಯಾಯದ ಪರ ನಿಲ್ಲುವವರನ್ನಾಗಿ ಮಾಡಲಿ. ಆಮೀನ್.