ಕಲ್ಪನಾ ಚಿತ್ರರಚನೆ

ಕಲ್ಪನಾ ಚಿತ್ರರಚನೆ ಎಂದರೆ ವಸ್ತು, ವ್ಯಕ್ತಿ, ದೃಶ್ಯ ಅಥವಾ ಛಾಯಾಚಿತ್ರ ಯಾವುದನ್ನೂ ಮಾದರಿಯಾಗಿ ಎದುರಿಗೆ ಇಟ್ಟುಕೊಳ್ಳದೆ, ನೆನಪು ಮತ್ತು ಕಲ್ಪನೆಗಳ ಆಧಾರದಿಂದ ಚಿತ್ರ ಬಿಡಿಸುವ ಕ್ರಮ. ಕಥಾಚಿತ್ರ, ವ್ಯಂಗ್ಯಚಿತ್ರ, ಅನಿಮೇಷನ್, ಪೌರಾಣಿಕ ಚಿತ್ರಕಲೆ ಹಾಗೂ ಮಕ್ಕಳ ಪುಸ್ತಕಗಳ ಚಿತ್ರಣದಲ್ಲಿ ಇದು ಮುಖ್ಯ ಸ್ಥಾನ ಪಡೆದಿದೆ. ಈ ಕ್ರಮದಲ್ಲಿ ಕೈಯ ಪಳಗಿಕೆಯಷ್ಟೇ ಕಠಿಣವಾದುದು ಏನನ್ನು ಬಿಡಿಸಬೇಕು ಎಂಬ ಪ್ರಶ್ನೆ. ಹೊಸ ಹೊಳಹುಗಳು ಹುಟ್ಟಿನಿಂದ ಬರುವ ವರವೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಕಂಡದ್ದನ್ನು ನೆನಪಿನಲ್ಲಿ ಕೂಡಿಟ್ಟು, ಅದನ್ನು ಬಿಡಿಸಿ ಬೇರೆ ರೀತಿಯಲ್ಲಿ ಜೋಡಿಸುವುದರಿಂದಲೇ ಬಹುಪಾಲು ಕಲ್ಪನಾ ಚಿತ್ರಗಳು ರೂಪುಗೊಂಡಿವೆ ಎಂಬುದನ್ನು ಕಲೆಯ ಇತಿಹಾಸ ಮತ್ತು ಮನೋವಿಜ್ಞಾನದ ಅಧ್ಯಯನಗಳು ತೋರಿಸುತ್ತವೆ.

ಸ್ವರೂಪ

ಚಿತ್ರರಚನೆಯನ್ನು ಸಾಮಾನ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಎದುರಿಗಿರುವುದನ್ನು ನೋಡಿ ಬಿಡಿಸುವುದು ವಸ್ತುಚಿತ್ರ. ಹಿಂದೆ ನೋಡಿದ್ದನ್ನು ನೆನಪಿನಿಂದ ಬಿಡಿಸುವುದು ಸ್ಮರಣಚಿತ್ರ. ನೋಡಿರದ ಅಥವಾ ಇಲ್ಲದಿರುವ ರೂಪವನ್ನು ಬಿಡಿಸುವುದು ಕಲ್ಪನಾಚಿತ್ರ. ಇವುಗಳ ನಡುವಿನ ಗಡಿ ಸ್ಪಷ್ಟವಾಗಿಲ್ಲ.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ೧೫೧೫ರಲ್ಲಿ ರಚಿಸಿದ ಘೇಂಡಾಮೃಗದ ಮರದಚ್ಚಿನ ಚಿತ್ರ ಇದಕ್ಕೆ ಪ್ರಸಿದ್ಧ ನಿದರ್ಶನ. ಗುಜರಾತಿನಿಂದ ಹಡಗಿನಲ್ಲಿ ಲಿಸ್ಬನ್ ತಲುಪಿದ್ದ ಆ ಪ್ರಾಣಿಯನ್ನು ಡ್ಯೂರರ್ ಕಂಡಿರಲಿಲ್ಲ. ಲಿಖಿತ ವರ್ಣನೆ ಮತ್ತು ಒಂದು ಕರಡು ಚಿತ್ರವನ್ನು ಆಧರಿಸಿ ಅವನು ಅದರ ಚರ್ಮವನ್ನು ಲೋಹದ ಕವಚದ ಫಲಕಗಳಂತೆ ಬಿಡಿಸಿದನು. ಬೆನ್ನಿನ ಮೇಲೆ ಇಲ್ಲದ ಚಿಕ್ಕ ಕೊಂಬೊಂದನ್ನೂ ಸೇರಿಸಿದನು. ಅವನ ಊರಾದ ನ್ಯೂರೆಂಬರ್ಗ್ ಕವಚ ತಯಾರಿಕೆಗೆ ಹೆಸರಾಗಿತ್ತು. ತಿಳಿಯದ ಭಾಗವನ್ನು ಪರಿಚಿತ ವಸ್ತುವಿನಿಂದ ತುಂಬುವುದು ಕಲ್ಪನೆಯ ಸಹಜ ರೀತಿ ಎಂಬುದಕ್ಕೆ ಈ ಚಿತ್ರ ಸಾಕ್ಷಿಯಾಗಿದೆ.

ಮನೋವೈಜ್ಞಾನಿಕ ಹಿನ್ನೆಲೆ

ಮನೋವಿಜ್ಞಾನಿ ಆನೆಟ್ ಕಾರ್ಮಿಲಾಫ್-ಸ್ಮಿತ್ ೧೯೯೦ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಅಸ್ತಿತ್ವದಲ್ಲಿಲ್ಲದ ಮನೆ, ಮನುಷ್ಯ ಮತ್ತು ಪ್ರಾಣಿಯನ್ನು ಬಿಡಿಸಲು ಹೇಳಲಾಯಿತು. ಚಿಕ್ಕ ಮಕ್ಕಳು ಹೆಚ್ಚಾಗಿ ಆಕಾರ ಅಥವಾ ಗಾತ್ರವನ್ನು ಬದಲಿಸಿದರು, ಇಲ್ಲವೇ ಯಾವುದಾದರೂ ಅಂಗವನ್ನು ಕೈಬಿಟ್ಟರು. ಎಂಟರಿಂದ ಹತ್ತು ವರ್ಷದ ಮಕ್ಕಳು ಅಂಗಗಳ ಸ್ಥಾನವನ್ನು ಬದಲಿಸಿದರು ಮತ್ತು ಒಂದು ವರ್ಗದ ಅಂಶವನ್ನು ಇನ್ನೊಂದಕ್ಕೆ ತಂದು ಸೇರಿಸಿದರು. ಮನೆಗೆ ರೆಕ್ಕೆ ಹಚ್ಚುವಂತಹ ಜೋಡಣೆ ಈ ಬಗೆಯದು.

ಅಮೆರಿಕದ ಥಾಮಸ್ ವಾರ್ಡ್ ೧೯೯೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಬೇರೊಂದು ಗ್ರಹದ ಪ್ರಾಣಿಗಳನ್ನು ಕಲ್ಪಿಸಿ ಬಿಡಿಸಿದರು. ಸಂಪೂರ್ಣ ಸ್ವಾತಂತ್ರ್ಯವಿದ್ದರೂ ಹೆಚ್ಚಿನವರ ಪ್ರಾಣಿಗಳಿಗೆ ಕಣ್ಣು ಮತ್ತು ಕಾಲುಗಳಿದ್ದವು. ಎಡಬಲ ಭಾಗಗಳು ಒಂದೇ ರೀತಿಯಾಗಿದ್ದವು. ಏನು ಬೇಕಾದರೂ ಬಿಡಿಸಿ ಎಂಬ ಸೂಚನೆಯಷ್ಟೇ ಹೊಸತನವನ್ನು ತರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕಲ್ಪನಾಚಿತ್ರ ಬಿಡಿಸಲು ಮನಸ್ಸಿನೊಳಗೆ ಸ್ಪಷ್ಟ ಚಿತ್ರ ಮೂಡಲೇಬೇಕೆಂಬ ನಿಯಮವೂ ಇಲ್ಲ. ಕೆಲವರಿಗೆ ಮನಸ್ಸಿನಲ್ಲಿ ದೃಶ್ಯಗಳು ಮೂಡುವುದೇ ಇಲ್ಲ. ಈ ಸ್ಥಿತಿಗೆ ನರವಿಜ್ಞಾನಿ ಆಡಮ್ ಝೀಮನ್ ಮತ್ತು ಸಂಗಡಿಗರು ೨೦೧೫ರಲ್ಲಿ 'ಅಫಾಂಟೇಸಿಯಾ' ಎಂಬ ಹೆಸರನ್ನಿಟ್ಟರು. ಡಿಸ್ನಿ ಸಂಸ್ಥೆಯ 'ದಿ ಲಿಟ್ಲ್ ಮರ್ಮೇಡ್' ಚಿತ್ರದ ನಾಯಕಿ ಏರಿಯಲ್‌ಗೆ ರೂಪ ನೀಡಿದ ಗ್ಲೆನ್ ಕೀನ್ ಈ ಸ್ಥಿತಿಯುಳ್ಳವರು. ಇಂತಹ ಕಲಾವಿದರು ಗೀಚುತ್ತಾ ಹೋಗಿ, ಕಾಗದದ ಮೇಲೆಯೇ ರೂಪವನ್ನು ಹುಡುಕಿಕೊಳ್ಳುತ್ತಾರೆ.

ಹೊಳಹು ಕಂಡುಕೊಳ್ಳುವ ವಿಧಾನಗಳು

ನೆನಪಿನ ಸಂಗ್ರಹ: ಫ್ರಾನ್ಸಿನ ಕಲಾಶಿಕ್ಷಕ ಲಕಾಕ್ ದ ಬ್ವಾಬೊದ್ರಾನ್ ದೃಶ್ಯಸ್ಮರಣೆಯನ್ನು ಅಭ್ಯಾಸದಿಂದ ಬೆಳೆಸಬಹುದೆಂದು ಪ್ರತಿಪಾದಿಸಿ ೧೮೪೮ರಲ್ಲಿ ಕಿರುಪುಸ್ತಕವೊಂದನ್ನು ಪ್ರಕಟಿಸಿದರು. ಅವರ ವಿದ್ಯಾರ್ಥಿಗಳು ಮೊದಲು ಸರಳ ರೂಪವೊಂದನ್ನು ಗಮನವಿಟ್ಟು ನೋಡಿ, ಅದನ್ನು ಮರೆಮಾಡಿದ ಮೇಲೆ ನೆನಪಿನಿಂದ ಬಿಡಿಸುತ್ತಿದ್ದರು; ಕ್ರಮೇಣ ಕ್ಲಿಷ್ಟ ರೂಪಗಳಿಗೆ ಸಾಗುತ್ತಿದ್ದರು. ಶಿಲ್ಪಿ ರೋದ್ಯಾ ಅವರ ಶಿಷ್ಯರಲ್ಲೊಬ್ಬರು. ಯಾವ ಆಕರವನ್ನೂ ನೋಡದೆ ಜನಸಮೂಹ, ವಾಹನ ಮತ್ತು ಪ್ರಾಣಿಗಳಿಂದ ತುಂಬಿದ ಬೃಹತ್ ಚಿತ್ರಗಳನ್ನು ಸಾರ್ವಜನಿಕರ ಮುಂದೆ ಬಿಡಿಸುತ್ತಿದ್ದ ದಕ್ಷಿಣ ಕೊರಿಯಾದ ಕಿಮ್ ಜಂಗ್ ಗಿ (೧೯೭೫–೨೦೨೨) ಅವರ ಸಾಮರ್ಥ್ಯದ ಹಿಂದೆಯೂ ನಿರಂತರ ವೀಕ್ಷಣೆ ಮತ್ತು ಅಭ್ಯಾಸವಿತ್ತು.

ಅಸ್ಪಷ್ಟ ಗುರುತುಗಳು: ಹನ್ನೊಂದನೆಯ ಶತಮಾನದ ಚೀನೀ ವಿದ್ವಾಂಸ ಶೆನ್ ಕುವೊ ದಾಖಲಿಸಿದಂತೆ, ಚಿತ್ರಕಾರ ಸುಂಗ್ ದಿ ಪಾಳುಗೋಡೆಯ ಮೇಲೆ ಬಿಳಿ ರೇಷ್ಮೆಯನ್ನು ಹರಡಿ, ಅದರ ಉಬ್ಬುತಗ್ಗುಗಳಲ್ಲಿ ಬೆಟ್ಟ, ಕಣಿವೆಗಳು ಕಾಣುವವರೆಗೆ ನೋಡುತ್ತಿರಬೇಕೆಂದು ಸಲಹೆ ನೀಡಿದ್ದನು. ಇಟಲಿಯ ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿಯೂ ಕಲೆ ಹತ್ತಿದ ಗೋಡೆ, ಬೂದಿ, ಮೋಡ ಮತ್ತು ಕೆಸರಿನಲ್ಲಿ ಭೂದೃಶ್ಯ, ಯುದ್ಧ ಹಾಗೂ ಮುಖಗಳನ್ನು ಹುಡುಕಬೇಕೆಂಬ ಸಲಹೆ ಇದೆ. ಇಂಗ್ಲೆಂಡಿನ ಅಲೆಕ್ಸಾಂಡರ್ ಕೋಝೆನ್ಸ್ ಹದಿನೆಂಟನೆಯ ಶತಮಾನದಲ್ಲಿ ಮಸಿಯ ಬೊಟ್ಟುಗಳಿಂದ ಭೂದೃಶ್ಯ ರಚಿಸುವ ಪದ್ಧತಿಯನ್ನು ರೂಪಿಸಿದರು. ೧೯೨೫ರಲ್ಲಿ ಮ್ಯಾಕ್ಸ್ ಎರ್ನ್ಸ್ಟ್ ಮರದ ನೆಲಹಾಸಿನ ಮೇಲೆ ಕಾಗದವಿಟ್ಟು ಸೀಸದ ಕಡ್ಡಿಯಿಂದ ಉಜ್ಜಿ, ಮೂಡಿದ ಗೆರೆಗಳಿಂದ ಕಾಡು ಮತ್ತು ಪ್ರಾಣಿಗಳನ್ನು ರೂಪಿಸಿದರು.

ಜೋಡಣೆ ಮತ್ತು ಬದಲಾವಣೆ: ಬಾಬ್ ಎಬರ್ಲೆ ೧೯೭೧ರಲ್ಲಿ ಮಕ್ಕಳಿಗಾಗಿ ಪ್ರಕಟಿಸಿದ 'ಸ್ಕ್ಯಾಂಪರ್' ಎಂಬ ಪುಸ್ತಕದ ಪದ್ಧತಿಯು ಪರಿಚಿತ ವಸ್ತುವೊಂದಕ್ಕೆ ಸರಣಿ ಪ್ರಶ್ನೆಗಳನ್ನು ಹಾಕುತ್ತದೆ: ಒಂದು ಭಾಗವನ್ನು ಬದಲಿಸಿದರೆ, ಇನ್ನೊಂದರೊಡನೆ ಕೂಡಿಸಿದರೆ, ಹಿಗ್ಗಿಸಿದರೆ, ಬೇರೆ ಕೆಲಸಕ್ಕೆ ಬಳಸಿದರೆ, ತೆಗೆದುಹಾಕಿದರೆ ಅಥವಾ ತಲೆಕೆಳಗಾಗಿಸಿದರೆ ಏನಾಗುವುದು? ಒಂದು ಕೊಡೆಯನ್ನು ಈ ಪ್ರಶ್ನೆಗಳಿಗೆ ಒಡ್ಡಿದರೆ ಅದು ದೋಣಿಯೂ ಆಗಬಹುದು, ಬಾವಲಿಯೂ ಆಗಬಹುದು, ಇರುವೆಗಳ ಊರಿನ ಮಾಡೂ ಆಗಬಹುದು.

ಸರಳ ಆಕಾರಗಳು: ಜಪಾನಿನ ಹೊಕುಸಾಯ್ ೧೮೧೨ರಲ್ಲಿ ಪ್ರಕಟಿಸಿದ ಚಿತ್ರಪಾಠದ ಪುಸ್ತಕದಲ್ಲಿ ವೃತ್ತ ಮತ್ತು ಚೌಕಗಳಿಂದಲೇ ಪಶುಪಕ್ಷಿ, ಮನುಷ್ಯರನ್ನು ಕಟ್ಟುವ ಕ್ರಮವನ್ನು ತೋರಿಸಿದರು. ಎದುರಿಗೆ ಮಾದರಿ ಇಲ್ಲದಿದ್ದರೂ ದೇಹದ ಭಂಗಿಯನ್ನು ಬೇಕಾದಂತೆ ತಿರುಗಿಸಲು ಇಂತಹ ಆಕಾರಗಳು ನೆರವಾಗುತ್ತವೆ.

ಆಕಸ್ಮಿಕ ಮತ್ತು ನಿರ್ಬಂಧ: ೧೯೨೫ರ ಸುಮಾರಿಗೆ ಪ್ಯಾರಿಸ್ಸಿನ ಅತಿವಾಸ್ತವವಾದಿ ಕಲಾವಿದರು ಮಡಚಿದ ಕಾಗದದ ಮೇಲೆ ಒಬ್ಬರು ಬಿಡಿಸಿದ್ದನ್ನು ಇನ್ನೊಬ್ಬರು ನೋಡದೆ ಮುಂದುವರಿಸುವ ಆಟವನ್ನು ಆಡುತ್ತಿದ್ದರು. ದಿನಕ್ಕೊಂದು ಪದವನ್ನು ಆಧರಿಸಿ ಚಿತ್ರ ಬಿಡಿಸುವ ಇತ್ತೀಚಿನ ಅಭ್ಯಾಸಗಳೂ ಇದೇ ತತ್ವವನ್ನು ಅನುಸರಿಸುತ್ತವೆ. ವಿಷಯದ ವ್ಯಾಪ್ತಿ ಕಿರಿದಾದಾಗ ಆರಂಭಿಸುವುದು ಸುಲಭವಾಗುತ್ತದೆ.

ಭಾರತೀಯ ಪರಂಪರೆಯಲ್ಲಿ

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಚಿತ್ರಕಲೆಯ ಹುಟ್ಟನ್ನು ಒಂದು ಕಲ್ಪಿತ ರೂಪದೊಂದಿಗೇ ಜೋಡಿಸುತ್ತದೆ. ನಾರಾಯಣ ಋಷಿಯು ಮಾವಿನ ರಸದಿಂದ ಸುಂದರಿಯ ರೂಪವನ್ನು ಬರೆದನೆಂದೂ, ಅದರಿಂದ ಊರ್ವಶಿ ಹುಟ್ಟಿದಳೆಂದೂ ಅದು ಹೇಳುತ್ತದೆ. ಅದೇ ಗ್ರಂಥವು ಅಲೆ, ಜ್ವಾಲೆ, ಹೊಗೆ ಮತ್ತು ಬಾವುಟಗಳ ಚಲನೆಯನ್ನು ತೋರಿಸಬಲ್ಲವನೇ ಚಿತ್ರಜ್ಞನೆನ್ನುತ್ತದೆ. ಅಂದರೆ ಕಲ್ಪನೆಯ ಜೊತೆಗೆ ಸೂಕ್ಷ್ಮ ವೀಕ್ಷಣೆಯನ್ನೂ ಅದು ಬಯಸುತ್ತದೆ.

ಜೋಡಣೆಯಿಂದ ಹುಟ್ಟಿದ ರೂಪಗಳು ಭಾರತದಲ್ಲಿ ಹೇರಳವಾಗಿವೆ. ಹೊಯ್ಸಳ ದೇವಾಲಯಗಳ ಪಟ್ಟಿಕೆಗಳಲ್ಲಿ ಕಾಣುವ ಮಕರವು ಹಲವು ಪ್ರಾಣಿಗಳ ಅಂಗಗಳಿಂದ ಕೂಡಿದೆ. ಎರಡು ತಲೆಯ ಗಂಡಭೇರುಂಡದ ಶಿಲ್ಪವು ಬಳ್ಳಿಗಾವಿಯ ಕಂಬದ ಮೇಲಿದೆ. ಮೈಸೂರು ಅರಸರ ಲಾಂಛನವಾಗಿದ್ದ ಈ ರೂಪ ಇಂದು ಕರ್ನಾಟಕ ಸರ್ಕಾರದ ಲಾಂಛನದಲ್ಲಿದೆ. ಸಾರಳಾದಾಸನ ಒಡಿಯಾ ಮಹಾಭಾರತದಲ್ಲಿ ಬರುವ ನವಗುಂಜರವು ಒಂಬತ್ತು ಜೀವಿಗಳ ಅಂಗಗಳನ್ನು ಹೊಂದಿದ್ದು, ಒಡಿಶಾದ ಪಟಚಿತ್ರಗಳಲ್ಲಿ ಜನಪ್ರಿಯ ವಿಷಯವಾಗಿದೆ.

ರವೀಂದ್ರನಾಥ ಠಾಕೂರರು ತಮ್ಮ ಹಸ್ತಪ್ರತಿಗಳಲ್ಲಿ ಹೊಡೆದುಹಾಕಿದ ಪದಗಳನ್ನು ಗೆರೆಗಳಿಂದ ಸೇರಿಸುತ್ತಾ ವಿಚಿತ್ರ ಹಕ್ಕಿ ಮತ್ತು ಪ್ರಾಣಿಗಳನ್ನು ರೂಪಿಸಿದರು. ಅರವತ್ತರ ಆಸುಪಾಸಿನಲ್ಲಿ ಚಿತ್ರರಚನೆಗೆ ತೊಡಗಿದ ಅವರ ಕೃತಿಗಳು ೧೯೩೦ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನಗೊಂಡವು.

ಶಿಕ್ಷಣದಲ್ಲಿ

ಮಕ್ಕಳ ಕಲ್ಪನೆಯನ್ನು ಹೇಗೆ ಬೆಳೆಸಬೇಕೆಂಬ ವಿಷಯದಲ್ಲಿ ಭಿನ್ನ ಅಭಿಪ್ರಾಯಗಳಿವೆ. ವಿಯೆನ್ನಾದಲ್ಲಿ ೧೮೯೭ರಲ್ಲಿ ಮಕ್ಕಳ ಕಲಾತರಗತಿ ಆರಂಭಿಸಿದ ಫ್ರಾಂಝ್ ಚಿಝೆಕ್, ಹಿರಿಯರ ಮಾದರಿಗಳನ್ನು ಹೇರದೆ ಮಕ್ಕಳನ್ನು ಅವರ ಪಾಡಿಗೆ ಬಿಡಬೇಕೆಂದರು. ಇದಕ್ಕೆ ವ್ಯತಿರಿಕ್ತವಾಗಿ ಬ್ರೆಂಟ್ ಮತ್ತು ಮಾರ್ಜರಿ ವಿಲ್ಸನ್ ೧೯೭೭ರ ಲೇಖನದಲ್ಲಿ, ಮಕ್ಕಳು ಚಿತ್ರ ಬಿಡಿಸಲು ಕಲಿಯುವುದು ಬಹುಮಟ್ಟಿಗೆ ಇತರರ ಚಿತ್ರಗಳಿಂದಲೇ ಎಂದು ವಾದಿಸಿದರು. ಈ ದೃಷ್ಟಿಯಲ್ಲಿ ಅನುಕರಣೆಯು ಕಲ್ಪನೆಯ ಶತ್ರುವಲ್ಲ. ಅದು ಮುಂದಿನ ಜೋಡಣೆಗೆ ಬೇಕಾದ ಸಾಮಗ್ರಿಯನ್ನು ಒದಗಿಸುತ್ತದೆ.

ಮಿತಿಗಳು

ನೆನಪನ್ನೇ ಅವಲಂಬಿಸಿದ ಚಿತ್ರಗಳಲ್ಲಿ ಒಂದೇ ಮುಖ, ಒಂದೇ ಮರ, ಒಂದೇ ಭಂಗಿ ಮರುಕಳಿಸುವ ಸಂಭವವಿದೆ. ಎರಡು ಬೆಟ್ಟಗಳ ನಡುವೆ ಉದಯಿಸುವ ಸೂರ್ಯ, ಗುಡಿಸಲು ಮತ್ತು ತೆಂಗಿನ ಮರವುಳ್ಳ ಶಾಲಾ ಮಕ್ಕಳ ಪರಿಚಿತ ಚಿತ್ರ ಇಂತಹ ಸಿದ್ಧರೂಪಕ್ಕೆ ಉದಾಹರಣೆ. ಬೆಟ್ಟವೇ ಇಲ್ಲದ ಊರಿನ ಮಗುವೂ ಇದನ್ನೇ ಬಿಡಿಸುವುದುಂಟು. ಇದು ಕಲ್ಪನೆಯ ಅಭಾವಕ್ಕಿಂತ ಹೆಚ್ಚಾಗಿ, ಸಂಗ್ರಹಕ್ಕೆ ಹೊಸ ವೀಕ್ಷಣೆ ಸೇರದಿರುವುದರ ಸೂಚನೆ. ತನ್ನ ಮನೆಯ ಬಾಗಿಲು, ಬೀದಿಯ ಮರ ಅಥವಾ ಸಂತೆಯ ಜನರನ್ನು ಒಮ್ಮೆ ನೋಡಿ ಬಿಡಿಸಿದ ಮಗುವಿಗೆ ಮುಂದಿನ ಕಲ್ಪನಾಚಿತ್ರಕ್ಕೆ ಬೇರೆ ಸಾಮಗ್ರಿ ದೊರೆಯುತ್ತದೆ. ಆದ್ದರಿಂದ ವಸ್ತುಚಿತ್ರ ಮತ್ತು ಕಲ್ಪನಾಚಿತ್ರಗಳನ್ನು ಪರಸ್ಪರ ಪೂರಕ ಅಭ್ಯಾಸಗಳಾಗಿ ಪರಿಗಣಿಸಬಹುದು.