ಕಾಲೇಜು ಓದಿನ ಆಯ್ಕೆ ಮತ್ತು ಖರ್ಚು: ಕರ್ನಾಟಕದ ಚರಿತ್ರೆ

ವಿದ್ಯಾರ್ಥಿಯೊಬ್ಬ ಯಾವ ಊರಿನಲ್ಲಿ, ಯಾವ ಕಾಲೇಜಿನಲ್ಲಿ, ಯಾವ ವಿಷಯ ಓದಬೇಕೆಂಬ ತೀರ್ಮಾನವೂ ಅದಕ್ಕೆ ಬೇಕಾದ ಹಣ, ಊಟ, ವಸತಿಗಳನ್ನು ಹೊಂದಿಸಿಕೊಳ್ಳುವ ಬಗೆಯೂ ಕರ್ನಾಟಕದಲ್ಲಿ ಒಂದೇ ಕತೆಯ ಎರಡು ಮುಖ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬಡ ಮತ್ತು ಮಧ್ಯಮ ವರ್ಗದ ಮನೆಗಳಲ್ಲಿ ಏನು ಓದುವುದು ಎಂಬುದಕ್ಕಿಂತ ಮೊದಲು ಎದ್ದ ಪ್ರಶ್ನೆ ಎಲ್ಲಿ ಉಳಿದುಕೊಳ್ಳುವುದು, ಊಟಕ್ಕೇನು ಎಂಬುದು. ಫೀಸಿನ ಲೆಕ್ಕ ಅದರ ನಂತರದ್ದು. ಅನ್ನ ಸಿಕ್ಕ ಊರೇ ಓದಿನ ಊರಾಯಿತು.

ಊರು ಬಿಡಬೇಕಿದ್ದ ಕಾಲ

ಮದರಾಸು ಮತ್ತು ಮುಂಬಯಿ ವಿಶ್ವವಿದ್ಯಾಲಯಗಳು 1857ರಲ್ಲಿ ಹುಟ್ಟಿದವು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರಿಂದ ಹುಡುಗನ ಆಯ್ಕೆಯನ್ನು ಅವನು ಹುಟ್ಟಿದ ಜಿಲ್ಲೆಯೇ ಬಹುಮಟ್ಟಿಗೆ ಮಾಡಿಬಿಡುತ್ತಿತ್ತು. ಮೈಸೂರು ಸಂಸ್ಥಾನದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೋ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೋ ಓದಿ ಮದರಾಸಿನ ಪರೀಕ್ಷೆಗೆ ಕೂರುತ್ತಿದ್ದರು. ಮಂಗಳೂರಿನವರಿಗೆ 1880ರಲ್ಲಿ ಆರಂಭವಾದ ಸೇಂಟ್ ಅಲೋಷಿಯಸ್ ಇತ್ತು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರು ಪುಣೆಯ ದಾರಿ ಹಿಡಿಯಬೇಕಿತ್ತು. ದ.ರಾ. ಬೇಂದ್ರೆ ಬಿ.ಎ. ಓದಿದ್ದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಕಲಬುರಗಿ, ರಾಯಚೂರು, ಬೀದರಿನ ಹುಡುಗರ ಪಾಡು ಎಲ್ಲರಿಗಿಂತ ಕಷ್ಟದ್ದು. ಅವರ ಪಾಲಿನ ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿತು, ಅಲ್ಲಿ ಪಾಠ ನಡೆಯುತ್ತಿದ್ದುದು ಉರ್ದುವಿನಲ್ಲಿ.

ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರ ಜುಲೈನಲ್ಲಿ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಮಹಾರಾಜಾ ಮತ್ತು ಸೆಂಟ್ರಲ್ ಕಾಲೇಜುಗಳು ಅದರ ಮೊದಲ ಎರಡು ಅಂಗಗಳು. 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು, ಅದೇ ವರ್ಷ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಬಂದವು. ಧಾರವಾಡಕ್ಕೆ ತನ್ನದೇ ವಿಶ್ವವಿದ್ಯಾಲಯ ದೊರೆಯಲು ಸ್ವಾತಂತ್ರ್ಯದವರೆಗೆ ಕಾಯಬೇಕಾಯಿತು, ಕಲಬುರಗಿಗೆ 1980ರವರೆಗೆ. ಈ ಅಂತರವನ್ನು ಗಮನಿಸದೆ ಇಂದಿನ ಪ್ರಾದೇಶಿಕ ಮೀಸಲಾತಿ ಅರ್ಥವಾಗುವುದಿಲ್ಲ.

ವಾರಾನ್ನ, ಮನೆಪಾಠ, ವಿದ್ಯಾರ್ಥಿನಿಲಯ

ದಿವಾನರಾಗಿ ವಿಶ್ವವಿದ್ಯಾಲಯ ಕಟ್ಟಿಸಿದ ವಿಶ್ವೇಶ್ವರಯ್ಯನವರ ಓದೇ ಈ ಚರಿತ್ರೆಯ ಒಂದು ಅಧ್ಯಾಯ. ತಂದೆಯನ್ನು ಹುಡುಗತನದಲ್ಲೇ ಕಳೆದುಕೊಂಡ ಅವರು ಬೆಂಗಳೂರಿನಲ್ಲಿ ಕೊಡಗಿನ ಮೂಲದ ಅಧಿಕಾರಿಯೊಬ್ಬರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಡುತ್ತ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಆಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆತದ್ದರಿಂದ ಪುಣೆಗೆ ಹೋಗಿ 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮನೆಪಾಠ ಹೊಟ್ಟೆಗಾಯಿತು, ಸರ್ಕಾರದ ಹಣ ಕೋರ್ಸಿಗಾಯಿತು. ಮುಂದಿನ ಎಷ್ಟೋ ವಿದ್ಯಾರ್ಥಿಗಳು ನಡೆದದ್ದು ಇದೇ ಹಾದಿಯಲ್ಲಿ.

ಅದಕ್ಕಿಂತ ಹೆಚ್ಚು ಹರಡಿದ್ದ ಏರ್ಪಾಡು ವಾರಾನ್ನ. ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಇನ್ನೊಬ್ಬರಲ್ಲಿ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದುವುದು. ಒಂದು ವಾರ ತಪ್ಪಿದರೆ ಆ ದಿನ ಉಪವಾಸ. ಕೊಟ್ಟವರ ಔದಾರ್ಯ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಏರ್ಪಾಡಿಗೆ ಜಾತಿಯ ಬೇಲಿಯಿತ್ತು. ಪಂಕ್ತಿಯಲ್ಲಿ ಕೂರಬಲ್ಲ ಬ್ರಾಹ್ಮಣ ಹುಡುಗರಿಗಷ್ಟೇ ಅದು ಸಾಮಾನ್ಯವಾಗಿ ಒದಗುತ್ತಿತ್ತು. ರೈತರ, ಕುಶಲಕರ್ಮಿಗಳ, ದಲಿತರ ಮಕ್ಕಳು ಪಟ್ಟಣಕ್ಕೆ ಬಂದರೆ ಬಾಗಿಲು ತೆರೆಯುವ ಮನೆಗಳಿರಲಿಲ್ಲ.

ಆ ಕೊರತೆಯಿಂದ ಹುಟ್ಟಿದ್ದು ವಿದ್ಯಾರ್ಥಿನಿಲಯ. ಕನ್ನಡ ನಾಡಿನ ಸಮಾಜ ತಾನಾಗಿ ಕಟ್ಟಿಕೊಂಡ ಸಂಸ್ಥೆಗಳಲ್ಲಿ ಇದಕ್ಕಿಂತ ಫಲ ಕೊಟ್ಟದ್ದು ಇನ್ನೊಂದಿಲ್ಲ ಎಂದರೆ ಉತ್ಪ್ರೇಕ್ಷೆಯಾಗದು. ಧಾರವಾಡದಲ್ಲಿ 1883ರಲ್ಲೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿ ಬಡ ವಿದ್ಯಾರ್ಥಿಗಳಿಗೆ ಹಣದ ನೆರವು ಕೊಡತೊಡಗಿತು. ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮುದಾಯದ ಮಕ್ಕಳ ಓದಿಗೆಂದು ಉಯಿಲು ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಆ ಆಸ್ತಿಯಿಂದ ನಡೆದ ಟ್ರಸ್ಟು ತಲೆಮಾರುಗಳ ಕಾಲ ವಿದ್ಯಾರ್ಥಿಗಳನ್ನು ಓದಿಸಿತು. ಅದೇ 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಸ್ಥಾಪನೆಯಾಯಿತು. ಧಾರವಾಡದ ಮುರುಘಾಮಠ, ಸುತ್ತೂರು ಮಠ, ತುಮಕೂರಿನ ಸಿದ್ಧಗಂಗೆ, ಚಿತ್ರದುರ್ಗದ ಜಯದೇವ ಸ್ವಾಮಿಗಳ ಹೆಸರಿನ ನಿಲಯಗಳು ಉಚಿತ ಪ್ರಸಾದ ಮತ್ತು ವಸತಿ ಕೊಟ್ಟವು. ಹಳ್ಳಿಯ ತಂದೆ ಮಗನನ್ನು ಕರೆತಂದು ಸ್ವಾಮಿಗಳ ಕಾಲಿಗೆ ಬೀಳಿಸಿ ಬಿಟ್ಟುಹೋದರೆ ಕಾಲೇಜಿನ ಆಯ್ಕೆ ಅಲ್ಲಿಗೆ ಮುಗಿಯಿತು: ಮಠ ಇರುವ ಊರು, ಆ ಊರಿನಲ್ಲಿರುವ ಕಾಲೇಜು.

ಅಸ್ಪೃಶ್ಯರೆಂದು ದೂರವಿಡಲಾದವರ ಮಕ್ಕಳಿಗೆ ವಸತಿ ಒದಗಿಸಲು ದುಡಿದವರಲ್ಲಿ ಗೋಪಾಲಸ್ವಾಮಿ ಅಯ್ಯರ್ ಮುಖ್ಯರು. ಅವರ ಹೆಸರಿನ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಓದಿದವರಲ್ಲಿ ಕವಿ ಸಿದ್ದಲಿಂಗಯ್ಯನವರೂ ಒಬ್ಬರು. ‘ಊರುಕೇರಿ’ಯಲ್ಲಿ ಅಲ್ಲಿನ ದಿನಗಳನ್ನು ಬರೆದಿದ್ದಾರೆ. ಎಚ್. ನರಸಿಂಹಯ್ಯನವರನ್ನೂ ಇಲ್ಲಿ ನೆನೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬೆಂಗಳೂರಿಗೆ 1935ರಲ್ಲಿ ಓದಲೆಂದು ನಡೆದೇ ಬಂದ ಹುಡುಗ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಭೌತಶಾಸ್ತ್ರ ಕಲಿತು, ಅಮೆರಿಕದ ಓಹಾಯೋದಲ್ಲಿ ಪಿಎಚ್.ಡಿ. ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯನ್ನು ಮಾತ್ರ ಬದುಕಿನ ಕೊನೆಯವರೆಗೂ ಬಿಡಲಿಲ್ಲ.

ಸರ್ಕಾರದ ಹಣ

ಮೈಸೂರು ಸಂಸ್ಥಾನದಲ್ಲಿ ಹಿಂದುಳಿದ ವರ್ಗಗಳ ಪರಿಸ್ಥಿತಿ ಪರಿಶೀಲಿಸಲು ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ 1918ರಲ್ಲಿ ನೇಮಕವಾಗಿ ಮರುವರ್ಷ ವರದಿ ಕೊಟ್ಟಿತು. ನೌಕರಿಯಲ್ಲಿ ಪಾಲು ಸಿಗಬೇಕಾದರೆ ಮೊದಲು ಓದಿಗೆ ನೆರವು ಬೇಕೆಂಬುದನ್ನು ಅದು ಕಂಡುಕೊಂಡಿತ್ತು. ಡಾ. ಅಂಬೇಡ್ಕರ್ ವೈಸರಾಯ್ ಮಂಡಳಿಯಲ್ಲಿದ್ದಾಗ ಹಟ ಹಿಡಿದು ಪರಿಶಿಷ್ಟ ಜಾತಿಗಳ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಕೊಡಿಸಿದರು. 1944ರಲ್ಲಿ ಆರಂಭವಾದ ಆ ಯೋಜನೆ ಇಂದಿಗೂ ನಡೆದಿದೆ. ಕರ್ನಾಟಕದ ದಲಿತ ಕುಟುಂಬಗಳ ಮೊದಲ ತಲೆಮಾರಿನ ವೈದ್ಯ, ಎಂಜಿನಿಯರ್, ಅಧ್ಯಾಪಕರ ಹಿಂದೆ ಅದರ ಹಣವಿದೆ.

ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ ಎಲ್.ಜಿ. ಹಾವನೂರ್ ಆಯೋಗ 1975ರಲ್ಲಿ ವರದಿ ಕೊಟ್ಟಿತು. ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು, ತಾಲ್ಲೂಕುಗಳಲ್ಲಿ ಸರ್ಕಾರಿ ಹಾಸ್ಟೆಲುಗಳು ಎದ್ದವು. ‘ಬಿಸಿಎಂ ಹಾಸ್ಟೆಲ್’ ಎಂಬ ಮಾತು ಹಳ್ಳಿಹಳ್ಳಿಗೂ ತಲುಪಿತು. ಮಠ ಮತ್ತು ಜಾತಿಸಂಘಗಳು ಮಾಡುತ್ತಿದ್ದ ಕೆಲಸಕ್ಕೆ ಸರ್ಕಾರ ಕೈಹಾಕಿದ್ದರಿಂದ, ಸ್ವಂತ ಮಠವೋ ಸಂಘವೋ ಇಲ್ಲದ ಸಣ್ಣ ಸಮುದಾಯಗಳ ಮಕ್ಕಳೂ ಪಟ್ಟಣದಲ್ಲಿ ನಿಲ್ಲುವಂತಾಯಿತು.

ಡೊನೇಷನ್ ಮತ್ತು ನ್ಯಾಯಾಲಯ

ಖಾಸಗಿ ವೃತ್ತಿ ಕಾಲೇಜುಗಳಲ್ಲಿ ಕರ್ನಾಟಕ ದೇಶಕ್ಕೇ ಮುಂಚೂಣಿಯಲ್ಲಿತ್ತು. ಬೆಂಗಳೂರಿನ ಬಿ.ಎಂ.ಎಸ್. ಎಂಜಿನಿಯರಿಂಗ್ ಕಾಲೇಜು 1946ರಲ್ಲಿ, ಹುಬ್ಬಳ್ಳಿಯ ಭೂಮರೆಡ್ಡಿ ಕಾಲೇಜು 1947ರಲ್ಲಿ ಬಂದವು. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದಾಗ ವಿದ್ಯಾರ್ಥಿಗಳ ಮನೆಯವರಿಂದ ಪಡೆದ ವಂತಿಗೆಯೂ ಅದರ ಬಂಡವಾಳದಲ್ಲಿ ಸೇರಿತ್ತು. ಸರ್ಕಾರಕ್ಕೆ ಕಾಲೇಜು ಕಟ್ಟಲು ಹಣವಿಲ್ಲದ ಆ ದಿನಗಳಲ್ಲಿ ಇದು ಹೊಸ ದಾರಿ. ಎಪ್ಪತ್ತು, ಎಂಬತ್ತರ ದಶಕಗಳ ಹೊತ್ತಿಗೆ ಆ ದಾರಿಯಲ್ಲಿ ಬೇರೆ ಬಗೆಯ ಜನ ನಡೆಯತೊಡಗಿದ್ದರು. ‘ಡೊನೇಷನ್’ ಎಂದರೆ ದಾನವೆಂಬ ಅರ್ಥ ಅಳಿಸಿಹೋಗಿ ಸೀಟಿನ ಬೆಲೆ ಎಂದಾಯಿತು. ಹೊಲ ಮಾರಿ, ಒಡವೆ ಅಡವಿಟ್ಟು ಮಗನಿಗೆ ಸೀಟು ಕೊಂಡವರ ಸಂಕಟ ಒಂದು ಕಡೆ. ಹೆಚ್ಚು ಅಂಕ ಪಡೆದೂ ಹಣವಿಲ್ಲದೆ ಬೇರೆ ಕೋರ್ಸು ಸೇರಿದವರ ನೋವು ಇನ್ನೊಂದು ಕಡೆ.

ರಾಜ್ಯವು 1984ರಲ್ಲಿ ವಂತಿಗೆ ನಿಷೇಧಿಸುವ ಕಾಯ್ದೆ ತಂದಿತು. 1989ರ ಅಧಿಸೂಚನೆಯೊಂದು ಖಾಸಗಿ ವೈದ್ಯಕೀಯ ಕಾಲೇಜಿನ ವಾರ್ಷಿಕ ಶುಲ್ಕವನ್ನು ಮೂರು ಬಗೆಯಾಗಿ ನಿಗದಿಪಡಿಸಿತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ಉಳಿದ ಕರ್ನಾಟಕದವರಿಗೆ 25,000, ಹೊರರಾಜ್ಯದವರಿಗೆ 60,000ದ ವರೆಗೆ. ಒಂದೇ ತರಗತಿಯ ಒಂದೇ ಬೆಂಚಿನಲ್ಲಿ ಈ ಮೂವರೂ ಕೂತಿರುತ್ತಿದ್ದರು. ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬರು ಇದನ್ನು ಪ್ರಶ್ನಿಸಿದ ಮೋಹಿನಿ ಜೈನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಶಿಕ್ಷಣ ಮೂಲಭೂತ ಹಕ್ಕೆಂದೂ ವಂತಿಗೆ ಸಂವಿಧಾನಕ್ಕೆ ವಿರುದ್ಧವೆಂದೂ ಸಾರಿತು. ಮರುವರ್ಷದ ಉನ್ನಿಕೃಷ್ಣನ್ ತೀರ್ಪು ಆ ಹಕ್ಕನ್ನು ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಸೀಮಿತಗೊಳಿಸಿತು. ಖಾಸಗಿ ವೃತ್ತಿ ಕಾಲೇಜುಗಳ ಸೀಟುಗಳಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ಏರ್ಪಾಡು ಮಾಡಿತು. ಹಣ ಕೊಡಬಲ್ಲವರ ಶುಲ್ಕದಿಂದ ಫ್ರೀ ಸೀಟಿನವರ ಓದು ನಡೆಯಬೇಕೆಂಬುದು ಅದರ ಲೆಕ್ಕ. ಆಶಯ ಒಳ್ಳೆಯದೇ. ಆದರೆ ಮನೆಪಾಠಕ್ಕೆ ಹಣ ಸುರಿದು ಅಂಕ ಗಳಿಸಿದ ನಗರದ ಸ್ಥಿತಿವಂತ ಹುಡುಗನಿಗೆ ಫ್ರೀ ಸೀಟು ಸಿಕ್ಕು, ಹಳ್ಳಿ ಶಾಲೆಯಲ್ಲಿ ಓದಿ ರ್‍ಯಾಂಕಿನಲ್ಲಿ ಹಿಂದೆ ಬಿದ್ದ ಹುಡುಗಿಗೆ ಪೇಮೆಂಟ್ ಸೀಟೇ ಗತಿಯಾಗುವುದನ್ನು ಅದು ತಡೆಯಲಿಲ್ಲ.

ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರಿನಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಏರ್ಪಾಡನ್ನು ತೆಗೆದುಹಾಕಿತು. 2005ರ ಇನಾಮದಾರ್ ತೀರ್ಪು ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ತನ್ನ ಸೀಟು ಹಂಚಿಕೆಯನ್ನು ಹೇರುವಂತಿಲ್ಲ ಎಂದಿತು. ಕರ್ನಾಟಕದಲ್ಲಿ ಸರ್ಕಾರವೂ ಖಾಸಗಿ ಕಾಲೇಜುಗಳೂ ಕೂತು ಸೀಟು ಮತ್ತು ಶುಲ್ಕದ ಬಗ್ಗೆ ಒಪ್ಪಂದ ಮಾಡಿಕೊಳ್ಳುವ ರೂಢಿ ಬೆಳೆದದ್ದು ಇದರಿಂದ.

ಸಿಇಟಿ

ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ 1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂತು. ಆಯ್ಕೆ ಎಂಬ ಮಾತಿಗೆ ಮೊದಲ ಸಲ ಕಣ್ಣಿಗೆ ಕಾಣುವ ರೂಪ ಕೊಟ್ಟದ್ದು ಅದು. ಕೌನ್ಸೆಲಿಂಗಿನ ದಿನ ರ್‍ಯಾಂಕ್ ಪ್ರಕಾರ ಕರೆ ಬರುತ್ತಿತ್ತು. ಯಾವ ಕಾಲೇಜಿನಲ್ಲಿ ಯಾವ ಕೋರ್ಸಿಗೆ ಎಷ್ಟು ಸೀಟು ಉಳಿದಿದೆ ಎಂಬುದು ಪರದೆಯ ಮೇಲೆ ಕಾಣುತ್ತಿತ್ತು. ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಮತ್ತು ಕನ್ನಡ ಮಾಧ್ಯಮದವರಿಗೆ ಮೀಸಲು ಸಿಕ್ಕಿತು. ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದೆಡೆ ಶೇ. 8 ಸೀಟು ದೊರೆತವು. ವೈದ್ಯಕೀಯ ಪ್ರವೇಶ ನೀಟ್‌ಗೆ ಹೋದ ಮೇಲೆಯೂ ಎಂಜಿನಿಯರಿಂಗ್‌ಗೆ ಸಿಇಟಿಯೇ ಮುಖ್ಯ ಬಾಗಿಲು, ಖಾಸಗಿಯವರ ಕಾಮೆಡ್-ಕೆ ಪಕ್ಕದ ಬಾಗಿಲು.

ಈಗ ಎಲ್ಲವೂ ಆನ್‌ಲೈನ್. ಆಪ್ಷನ್ ಎಂಟ್ರಿಯಲ್ಲಿ ಕಾಲೇಜುಗಳನ್ನು ಬೇಕಾದ ಕ್ರಮದಲ್ಲಿ ಜೋಡಿಸಬೇಕು. ಸೀಟು ಹಂಚಿಕೆಯಾದ ಮೇಲೆ ನಾಲ್ಕು ‘ಚಾಯ್ಸ್’ಗಳಲ್ಲಿ ಒಂದನ್ನು ಒತ್ತಬೇಕು. ಒಂದನೆಯದಾದರೆ ಸೀಟು ಒಪ್ಪಿ ಸೇರುವುದು, ಎರಡನೆಯದಾದರೆ ಇದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿಗೆ ನಿಲ್ಲುವುದು, ಮೂರನೆಯದಾದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು, ನಾಲ್ಕನೆಯದಾದರೆ ಹೊರನಡೆಯುವುದು. ಮನೆಯಲ್ಲಿ ಕಾಲೇಜು ಕಂಡವರೇ ಇಲ್ಲದ ಹುಡುಗಿ ಊರಿನ ಸೈಬರ್ ಅಂಗಡಿಯವನ ಮಾತು ನಂಬಿ ತಪ್ಪು ಸಂಖ್ಯೆ ಒತ್ತಿದರೆ ನಾಲ್ಕು ವರ್ಷದ ಓದೇ ಬೇರೆಯಾಗುತ್ತದೆ. ಕೇಳಿ ತಿಳಿಯಲು ಒಬ್ಬರಿರುವುದೂ ಒಂದು ಆಸ್ತಿ. ಅದನ್ನು ಯಾವ ಮೀಸಲಾತಿಯೂ ಕೊಡಲಾರದು.

ಸಾಲ, ಬಸ್ಸು, ಬಾಡಿಗೆ ಕೋಣೆ

ಓದಿಗೆ ಸಾಲ ಕೊಡುವ ಯೋಚನೆ ಹೊಸದಲ್ಲ. ಕೇಂದ್ರ ಸರ್ಕಾರ 1963ರಲ್ಲೇ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಆರಂಭಿಸಿತ್ತು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಬಂದದ್ದು 2001ರಲ್ಲಿ. ನಾಲ್ಕು ಲಕ್ಷ ರೂಪಾಯಿವರೆಗೆ ಆಸ್ತಿಯ ಭದ್ರತೆ ಕೇಳುವಂತಿಲ್ಲ ಎಂಬುದು ಅದರ ಜೀವಾಳ. ವಾರ್ಷಿಕ ಆದಾಯ 4.5 ಲಕ್ಷ ಮೀರದ ಕುಟುಂಬಗಳಿಗೆ ಓದಿನ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ 2009ರಲ್ಲಿ ಸೇರಿತು. ಸಾಲ ಸುಲಭವಾಗಿ ಸಿಗುವುದು ಬೇಗ ಕೆಲಸ ಸಿಗುವ ಕೋರ್ಸಿಗೆ. ಕನ್ನಡ ಎಂ.ಎ. ಅಥವಾ ಇತಿಹಾಸ ಓದುವವನು ಬ್ಯಾಂಕಿಗೆ ಹೋದರೆ ಮ್ಯಾನೇಜರು ಕೇಳುವ ಮೊದಲ ಪ್ರಶ್ನೆಗೆ ಉತ್ತರ ಹುಡುಕುವುದು ಕಷ್ಟ. ಹಾಗಾಗಿ ಸಾಲವೂ ಮೆಲ್ಲಗೆ ವಿಷಯದ ಆಯ್ಕೆ ಮಾಡುತ್ತದೆ.

ಪದವಿ ಓದುವ ಬಹಳಷ್ಟು ಮಕ್ಕಳು ಈ ಸೀಟು, ಸಾಲಗಳ ಲೋಕದ ಹೊರಗಿದ್ದಾರೆ. ಅವರು ಸೇರುವುದು ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ. ಇಂಥ ಕಾಲೇಜುಗಳು ರಾಜ್ಯದಲ್ಲಿ 400ಕ್ಕೂ ಹೆಚ್ಚು. ಬಸ್ ಪಾಸ್ ಮಾಡಿಸಿಕೊಂಡು ಮನೆಯ ಬುತ್ತಿ ಕಟ್ಟಿಕೊಂಡು ಓಡಾಡಿದರೆ ಹಾಸ್ಟೆಲಿನ ಚಿಂತೆಯಿಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದ ಮೇಲೆ ಹೆಣ್ಣುಮಕ್ಕಳಿಗೆ ಹತ್ತಿರದ ಕಾಲೇಜಷ್ಟೇ ಅಲ್ಲ, ಆಚೆ ಊರಿನದೂ ಕೈಗೆಟುಕಿತು. ‘ಬಸ್ ಚಾರ್ಜಿಗೆ ಎಲ್ಲಿಂದ ತರಲಿ’ ಎಂದು ತಡೆಯುವ ಮಾತಿಗೆ ಆಸ್ಪದ ಉಳಿಯಲಿಲ್ಲ.

ಊರು ಬಿಟ್ಟು ಓದಲೇಬೇಕಾದವರಿಗೆ ಹಾಸ್ಟೆಲಿನ ಸೀಟು ಇಂದಿಗೂ ಸಾಲದು. ಅರ್ಜಿ ಹಾಕಿಯೂ ಸೀಟು ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆಂದು ರಾಜ್ಯ ಸರ್ಕಾರ ‘ವಿದ್ಯಾಸಿರಿ’ ಯೋಜನೆ ತಂದು, ಊಟ ಮತ್ತು ವಸತಿಯ ಖರ್ಚಿಗೆ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡತೊಡಗಿತು. ಧಾರವಾಡ, ಮೈಸೂರು, ಕಲಬುರಗಿಯ ಕಾಲೇಜುಗಳ ಸುತ್ತಮುತ್ತ ಮೂರ್ನಾಲ್ಕು ಮಂದಿ ಸೇರಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಸರದಿಯಲ್ಲಿ ಅನ್ನ-ಸಾರು ಮಾಡಿಕೊಂಡು, ಊರಿನಿಂದ ತಂದ ಜೋಳ, ರಾಗಿ, ಅಕ್ಕಿಯಲ್ಲಿ ಸೆಮಿಸ್ಟರ್ ಕಳೆಯುತ್ತಾರೆ. ವಿದ್ಯಾರ್ಥಿವೇತನ ಖಾತೆಗೆ ಬೀಳುವವರೆಗೆ ಕಾಯಲು ಕಿರಾಣಿ ಅಂಗಡಿಯವರು ಒಪ್ಪಿ ಉದ್ರಿ ಬರೆದಿಟ್ಟುಕೊಳ್ಳುತ್ತಾರೆ.