ವರ್ತಕನ ದಾರಿ, ದೆನೆ ಜನರ ಮನೆ

ಕೆನಡಾದ ವಾಯವ್ಯ ಭಾಗದಲ್ಲಿ, ಗ್ರೇಟ್ ಸ್ಲೇವ್ ಎಂಬ ಸರೋವರದಿಂದ ಹೊರಟು ಆರ್ಕ್ಟಿಕ್ ಸಾಗರವನ್ನು ಸೇರುವ ಮಹಾನದಿಯೊಂದಿದೆ. ಭೂಪಟದಲ್ಲಿ ಅದರ ಹೆಸರು ಮೆಕೆಂಝಿ. ಸರೋವರದಿಂದ ಸಮುದ್ರದವರೆಗೆ ಅದರ ಉದ್ದ ಸುಮಾರು 1,700 ಕಿಲೋಮೀಟರು; ಮೇಲಣ ಸ್ಲೇವ್, ಪೀಸ್, ಫಿನ್ಲೆ ನದಿಗಳನ್ನೂ ಕೂಡಿಸಿದರೆ 4,200 ಕಿಲೋಮೀಟರಿಗೂ ಹೆಚ್ಚು.

ಈ ಹೆಸರು ಬಂದುದು ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ತುಪ್ಪುಳಿನ ವರ್ತಕ ಅಲೆಕ್ಸಾಂಡರ್ ಮೆಕೆಂಝಿಯಿಂದ. 1789ರ ಜೂನ್ 3ರಂದು ಅವನು ಅಥಬಾಸ್ಕ ಸರೋವರದ ದಂಡೆಯ ಕೋಠಿಯಿಂದ ತೊಗಟೆಯ ದೋಣಿಗಳಲ್ಲಿ ಹೊರಟ. ಪೆಸಿಫಿಕ್ ಸಾಗರಕ್ಕೆ ದಾರಿ ಸಿಕ್ಕೀತೆಂಬುದು ಅವನ ಆಸೆ. ನದಿ ಮೊದಮೊದಲು ಪಶ್ಚಿಮಕ್ಕೇ ಹರಿದು ಆ ಆಸೆಯನ್ನು ಬೆಳೆಸಿತು. ಬೆಟ್ಟಸಾಲು ಎದುರಾದೊಡನೆ ಉತ್ತರಕ್ಕೆ ತಿರುಗಿಬಿಟ್ಟಿತು! ಜುಲೈ ನಡುವಿಗೆ ಅವನು ಮುಟ್ಟಿದ್ದು ಹಿಮದ ಕಡಲನ್ನು. 102 ದಿನಗಳಲ್ಲಿ ಹೋಗಿ ಹಿಂದಿರುಗಿದ.

ಇದನ್ನು ಚರಿತ್ರಕಾರರು ಶೋಧವೆಂದು ಕರೆದರು. ಆದರೆ ಅವನಿಗೆ ದಾರಿ ತೋರಿದವರು ಯಾರು? ‘ಇಂಗ್ಲಿಷ್ ಚೀಫ್’ ಎಂದು ಹೆಸರಾಗಿದ್ದ ಚಿಪವ್ಯಾನ್ ಮುಖಂಡನೊಬ್ಬ ದುಭಾಷಿಯಾಗಿ ಜೊತೆಗಿದ್ದ. ದಡದ ಬಿಡಾರಗಳ ಜನ ಮುಂದಿನ ಹಾದಿ ಹೇಳಿದರು. ಅವರಲ್ಲಿ ಕೆಲವರನ್ನು ಬಲವಂತದಿಂದಲೇ ಕರೆದೊಯ್ದದ್ದೂ ಉಂಟು. ಆ ದೆನೆ ಜನರಿಗೆ ನದಿಯ ಹೆಸರು ಮೊದಲೇ ಇತ್ತು: ದೆಹ್‌ಚೋ, ಎಂದರೆ ದೊಡ್ಡ ನದಿ.

ಅವರಿಗೆ ನದಿಯ ಗುಣವೂ ಗೊತ್ತಿತ್ತು. ಉತ್ತರಕ್ಕೆ ಹರಿಯುವ ನದಿಯಲ್ಲಿ ವಸಂತ ಮೊದಲು ಬರುವುದು ದಕ್ಷಿಣಕ್ಕೆ. ಮೇಲ್ಗಡೆ ಕರಗಿದ ನೀರು ಕೆಳಗಡೆ ಇನ್ನೂ ಹೆಪ್ಪುಗಟ್ಟಿರುವ ಪಾತ್ರಕ್ಕೆ ನುಗ್ಗುತ್ತದೆ. ಮಂಜುಗಡ್ಡೆಗಳು ಒಂದರ ಮೇಲೊಂದು ಏರಿ ಕಟ್ಟೆಯಾಗುತ್ತವೆ, ನೆರೆ ಉಕ್ಕುತ್ತದೆ. ಮುಖಜಭೂಮಿಯ ಸಾವಿರಾರು ಕೆರೆಗಳು ತುಂಬುವುದು ಈ ನೆರೆಯಿಂದಲೇ. ಹೊರಗಿನವರಿಗೆ ಅಪಾಯವಾಗಿ ಕಾಣುವುದು ಅಲ್ಲಿಯ ಮೀನಿಗೂ ಹಕ್ಕಿಗೂ ಬದುಕು.

1970ರ ದಶಕದಲ್ಲಿ ಈ ಕಣಿವೆಯಲ್ಲಿ ಅನಿಲದ ಕೊಳವೆ ಹಾಸುವ ಯೋಜನೆ ಬಂತು. ವಿಚಾರಣೆಗೆ 1974ರಲ್ಲಿ ನೇಮಕಗೊಂಡ ನ್ಯಾಯಮೂರ್ತಿ ಥಾಮಸ್ ಬರ್ಜರ್ ರಾಜಧಾನಿಯಲ್ಲೇ ಕೂಡಲಿಲ್ಲ. 35 ಊರುಗಳಿಗೆ ಹೋಗಿ, ಬೇಟೆಗಾರರ, ಹೆಂಗಸರ, ಮುದುಕರ ಮಾತನ್ನು ಅವರವರ ನುಡಿಯಲ್ಲೇ ಕೇಳಿದರು. ವರ್ತಕ ಮೆಕೆಂಝಿ ಕೇಳಿದ್ದು ದಾರಿಯನ್ನು. ಬರ್ಜರ್ ಕೇಳಿದ್ದು ಒಪ್ಪಿಗೆಯನ್ನು. ನೆಲದ ಹಕ್ಕು ಇತ್ಯರ್ಥವಾಗಲಿ, ಹತ್ತು ವರ್ಷ ಕೊಳವೆ ಬೇಡ ಎಂದು 1977ರಲ್ಲಿ ವರದಿ ಕೊಟ್ಟರು. ಕಂಪನಿಗಳಿಗೆ ಇದು ಗಡಿನಾಡು, ಇಲ್ಲಿನವರಿಗೆ ತಾಯ್ನಾಡು ಎಂಬುದೇ ಅದರ ತಿರುಳು. ಆ ಕೊಳವೆ ಬರಲಿಲ್ಲ. ಮುಂದೆ ತಲೆಯೆತ್ತಿದ ಇನ್ನೊಂದು ಯೋಜನೆಯನ್ನು, ಅನಿಲದ ಬೆಲೆ ಕುಸಿದ ಮೇಲೆ, 2017ರಲ್ಲಿ ಕೈಬಿಟ್ಟರು.

ಭೂಪಟದಲ್ಲಿ ಹೆಸರು ಬರೆಯುವುದು ಸುಲಭ. ಅದಕ್ಕೆ ಮೊದಲು ದಡದಲ್ಲಿ ನಿಂತವರನ್ನು ಕೇಳಬೇಕೆಂದು ತಿಳಿಯುವುದಕ್ಕೆ ಸುಮಾರು ಇನ್ನೂರು ವರ್ಷ ಹಿಡಿಯಿತು.